ಗಾಜಿನಾಚೆಯ ಮಾತು

ಮಗ್ಗಗಳು ಸದ್ದು ಮಾಡುವುದನ್ನೇ ಬಿಟ್ಟುಬಿಟ್ಟರೆ ಏನಾಗುತ್ತದೆ? ಹಟಗಾರಹಾಳಕ್ಕೆ ಇಂಜಿನಿಯರ್ ಆಗಿ ಬಂದಾಗ ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಸಿದ್ಧವಿತ್ತು. ಜನ ನೆಮ್ಮದಿಯಾಗಿ ಮಾತಾಡಿಕೊಳ್ಳುತ್ತಾರೆ, ಮತ್ತೇನು! ಆ ಉತ್ತರ ತಪ್ಪೆಂದು ತಿಳಿಯುವ ಹೊತ್ತಿಗೆ ನನ್ನ ಅತ್ತೆಯ ತಲೆಬುರುಡೆಗೆ ತೂತು ಕೊರೆಯುವುದೊಂದು ಬಾಕಿ ಉಳಿದಿತ್ತು.

ಕೃಷ್ಣೆಯ ದಂಡೆಯ ಈ ಊರಿನಲ್ಲಿ ಮನೆಗೂ ಮಗ್ಗದ ಶೆಡ್ಡಿಗೂ ಒಂದೇ ಗೋಡೆ. ಬೆಳಗಾದರೆ ಊರಿಗೆ ಊರೇ ಖಟಪಟ ಖಟಪಟ ಎಂದು ಅದುರುತ್ತಿತ್ತು. ಹಳೆಯ ಪವರ್‌ಲೂಮಿನಲ್ಲಿ ಅಡ್ಡನೂಲು ಹೊತ್ತ ಲಾಳಿಯನ್ನು ಆ ಕಡೆಯಿಂದ ಒಂದು ಕೋಲು ಹೊಡೆದರೆ ಈ ಕಡೆಯಿಂದ ಇನ್ನೊಂದು ಹೊಡೆಯುತ್ತದೆ. ಸದ್ದೆಲ್ಲ ಆ ಹೊಡೆತದ್ದು. ನಮ್ಮ ತಂಡ ತಂದ ಹೊಸ ಮಗ್ಗದಲ್ಲಿ ಲಾಳಿಯನ್ನು ಯಾರೂ ಹೊಡೆಯುವುದಿಲ್ಲ, ಅದು ಅಯಸ್ಕಾಂತದ ಬಲದಲ್ಲಿ ತೇಲಿಕೊಂಡು ಹೋಗಿಬರುತ್ತದೆ. ಊರ ನಡುವಿನ ನಿಯಂತ್ರಣ ಕೊಠಡಿಯಲ್ಲಿ ಕುಳಿತು ಎಲ್ಲರ ಮನೆಯ ಲಾಳಿಗಳ ಮೇಲೆ ಕಣ್ಣಿಟ್ಟಿರುವುದು ನನ್ನ ಕೆಲಸ.

ಮಗ್ಗ ಕೂರಿಸಲು ಬಂದವಳು ಮೆಕ್ಯಾನಿಕ್ ಸಂಗಮೇಶನನ್ನು ಮದುವೆಯಾಗಿ ಅಲ್ಲೇ ಉಳಿದೆ. ತಿಪಟೂರಿನವಳು, ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು, ಅಡುಗೆ ಬಾರದವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುವವಳು. ಸಂಗಮೇಶನ ತಾಯಿ ಕಸ್ತೂರಿಯವರು ಇದನ್ನೆಲ್ಲ ನೋಡಿ, “ಇರ್ಲಿ ಬಿಡೋ. ರೊಟ್ಟಿ ನಾ ಬಡೀತೀನಿ, ಸಿಟ್ಟು ಆಕಿ ಮಾಡ್ಲಿ. ಕೆಲಸ ಹಂಚ್ಕೊಂಡಂಗ ಆತು” ಎಂದರಂತೆ. ಅಂಥ ಅತ್ತೆ ನನ್ನವರು. ಹುಡುಗಿಯಾಗಿದ್ದಾಗಿನಿಂದ ಪವರ್‌ಲೂಮಿನ ಮುಂದೆ ನಿಂತು ಸೀರೆ ನೇಯ್ದವರು, ಬಾಯಿ ಜೋರು, ಕೈ ಉದಾರ.

ಸದ್ದು ನಿಂತ ದಿನ ಊರಲ್ಲಿ ಪೇಡೆ ಹಂಚಿದರು. ಗುಬ್ಬಿಯ ಚಿಲಿಪಿಲಿ ಕೇಳಿ ಹುಡುಗರು ಬೆರಗಾದರು. ಅತ್ತೆ ಮಾತ್ರ ಹೊಸ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಊರಿ ನಿಂತು, “ಇದು ನಡದೈತೋ ನಿಂತೈತೋ? ಕೈಗೇ ತಿಳೀವಲ್ತಲ್ಲ” ಎಂದು ಮುಖ ಸಪ್ಪೆ ಮಾಡಿಕೊಂಡರು. ಹಳೆಯ ತಲೆಮಾರಿಗೆ ಹೊಸದು ಸೇರುವುದಿಲ್ಲ ಎಂದುಕೊಂಡು ನಾನು ಇನ್ನೊಂದು ಪೇಡೆ ತಿಂದೆ.

ಮಳೆಗಾಲ ಕಳೆಯುವುದರೊಳಗೆ ಅತ್ತೆ ಬದಲಾದರು. ಒಂದು ಬೆಳಿಗ್ಗೆ ನಾನು ನಡುಮನೆಯಲ್ಲಿ ಜಡೆ ಹಾಕಿಕೊಳ್ಳುತ್ತಾ, “ಅತ್ತೆ, ಹಾಲು ಉಕ್ತಿದೆ ನೋಡಿ!” ಎಂದು ಕೂಗಿದೆ. ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಹಾಕಿ ಅಕ್ಕಿ ಆರಿಸುತ್ತಿದ್ದ ಅವರು ನನ್ನತ್ತ ನೋಡಿ ಹಿತವಾಗಿ ನಕ್ಕು, “ಹೂಂ” ಎಂದರು. ಹಾಲೆಲ್ಲ ಒಲೆಯ ಪಾಲಾಯಿತು. ಸಾವಿನ ಮನೆಗೆ ಮಾತಾಡಿಸಲು ಹೋದಾಗ ಅಲ್ಲಿಯ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸತ್ತ ಸಂಗತಿ ಹೇಳುತ್ತಿದ್ದರೆ ಇವರು ಅದೇ ಹಿತವಾದ ನಗೆಯಲ್ಲಿ ತಲೆದೂಗಿದರು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಸಂಜೆ ಕರೆಂಟು ಹೋದರೆ ಮಾತಿನ ಮಲ್ಲಿ ಅತ್ತೆ ತಟ್ಟನೆ ಮೂಕರಾಗಿ, ದೀಪ ಬರುವವರೆಗೆ ನನ್ನ ಕೈ ಹಿಡಿದುಕೊಂಡು ಕೂರುತ್ತಿದ್ದರು.

ಅತ್ತೆಗೆ ಮರೆವು ಬಂದಿದೆ ಎಂದರೆ ಸಂಗಮೇಶ ಒಪ್ಪಲಿಲ್ಲ. “ನನ್ನ ಕೂಡ ಛಲೋ ಮಾತಾಡ್ತಾಳಲ್ಲ? ನಿಮ್ಮಿಬ್ರದು ಅತ್ತಿ ಸೊಸಿ ಜಗಳ, ನನ್ನ ನಡುವ ಎಳೀಬ್ಯಾಡ” ಎಂದ. ನಿಜ, ಅವನ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದರು. ಅದಕ್ಕೇ ನನಗೆ ಇನ್ನೂ ಸಂಕಟ. ನನ್ನನ್ನೇ ಮೊದಲು ಮರೆಯುತ್ತಿದ್ದಾರೆ ಎಂದುಕೊಂಡೆ.

ಅತ್ತೆ ಒಬ್ಬರೇ ಆಗಿದ್ದರೆ ಬೇರೆ ಮಾತು. ಊರಿನ ಹಿರಿಯ ನೇಕಾರರು ಒಬ್ಬೊಬ್ಬರೇ ಹೀಗಾಗತೊಡಗಿದರು. ಎದುರುಮನೆಯ ಶಾಂತವ್ವ ಕರೆದರೆ ತಿರುಗುತ್ತಿರಲಿಲ್ಲ. ಅವರ ಗಂಡ ಗುರಪ್ಪ ಕಾಕಾ ತಮ್ಮ ಶೆಡ್ಡಿನ ಬಾಗಿಲಲ್ಲೇ ನಿಂತು, “ಇದೇನಿದು, ಯಾರ ಮನಿ ಮಿಷನ್ನು?” ಎಂದು ಕೇಳಿದರು. ಊರು ಇದಕ್ಕೆ ಮೌನಬೇನೆ ಎಂದು ಹೆಸರಿಟ್ಟಿತು. ಅಯಸ್ಕಾಂತ ತಲೆಗೇರಿದೆ ಎಂದು ಕಾರಣವನ್ನೂ ಕಂಡುಹಿಡಿಯಿತು. ಜನ ನನ್ನ ನಿಯಂತ್ರಣ ಕೊಠಡಿಗೆ ನುಗ್ಗಿದರು. ನಾನು ಮಾಪಕ ತೋರಿಸಿ, “ನೋಡಿ, ನಿಮ್ಮನೆ ಮಿಕ್ಸರ್‌ನಲ್ಲಿ ಇದಕ್ಕಿಂತ ಹೆಚ್ಚು ಅಯಸ್ಕಾಂತ ಇದೆ” ಎಂದೆ. ಹಿರಿಯರೊಬ್ಬರು ತಣ್ಣಗೆ ಹೇಳಿದರು, “ಮಿಕ್ಸರಿನ್ಯಾಗ ನಾವು ತಲಿ ಇಟ್ಟು ದುಡಿಯೂದಿಲ್ಲವಾ.”

ಕೊನೆಗೆ ಅತ್ತೆಯನ್ನು ಕರೆದುಕೊಂಡು ಹುಬ್ಬಳ್ಳಿಯ ನರರೋಗ ತಜ್ಞ ಡಾಕ್ಟರ್ ಉದಯ ನಾಡಿಗೇರರ ಬಳಿ ಹೋದೆ. ಒಳ್ಳೆಯ ಮನುಷ್ಯ, ರೋಗಿಗಿಂತ ಮೊದಲು ರೋಗಿಯ ಜೊತೆ ಬಂದವರಿಗೆ ಚಹಾ ಕೊಡಿಸುವವರು. ಅವರಲ್ಲಿ ಮಿದುಳುಗನ್ನಡಿ ಎಂಬ ಯಂತ್ರವಿತ್ತು. ಸದ್ದು ನುಸುಳದ ಕೋಣೆಯಲ್ಲಿ ರೋಗಿಯ ತಲೆಯ ಸುತ್ತ ಒಂದು ಬಳೆ. ಕೋಣೆಯ ಸ್ಪೀಕರಿನಲ್ಲಿ ಪ್ರಶ್ನೆಗಳು. ದಪ್ಪ ಜೋಡಿಗಾಜಿನ ಈಚೆ, ನಿಯಂತ್ರಣ ಕೊಠಡಿಯ ಪರದೆಯಲ್ಲಿ ಮಿದುಳಿನ ಚಿತ್ರ. ಮಾತಿನ ಅರ್ಥ ಹೊಳೆದರೆ ಎಡಪಕ್ಕ ಹಸಿರಾಗಿ ಬೆಳಗುತ್ತದೆ. ಅರ್ಥಕ್ಕಾಗಿ ತಡಕಾಡಿದರೆ ಹಣೆಯ ಭಾಗ ಕೆಂಪಾಗುತ್ತದೆ. ಅತ್ತೆಯ ಹಣೆ ಕೆಂಡದ ಹಾಗಿತ್ತು, ಎಡಪಕ್ಕ ಮಂಕು. ಪ್ರತಿ ಪ್ರಶ್ನೆಗೂ ಅವರ ಉತ್ತರ ಒಂದೇ, ಹಿತವಾದ ನಗೆ ಮತ್ತು “ಹೂಂ.”

“ಕಿವಿ ಸರಿಯಿದೆಯಾ ಡಾಕ್ಟ್ರೇ?” ಎಂದು ಕೇಳಿದೆ.

“ಅದನ್ನ ಮೊದಲಽ ನೋಡೇವ್ರಿ. ಸದ್ದು ಬಿಟ್ಟಾಗೆಲ್ಲ ಬರೋಬ್ಬರಿ ಕೈ ಎತ್ಯಾರ. ಒಂದೂ ತಪ್ಪಿಲ್ಲ. ಕಿವಿ ಬಾಗಿಲು ತೆರದಽ ಅದ, ಒಳಗಿನ ಮನಿಯೊಳಗ ದೀಪ ಆರಲಿಕ್ಕೆ ಹತ್ತ್ಯಾವ.”

ನಾನು ನೆನಪಿಸಿಕೊಂಡು ಇನ್ನೊಂದು ಲಕ್ಷಣ ಸೇರಿಸಿದೆ. “ಇನ್ನೊಂದಿದೆ. ಮಾಳಿಗೆ ಮೇಲೆ ನಿಂತ್ಕೊಂಡು ಸದ್ದೇ ಇಲ್ದೆ ಬಾಯಿ ಆಡಿಸ್ತಾರೆ. ಬೆರಳು ಮಡಚ್ತಾರೆ. ಬಿದ್ದು ಬಿದ್ದು ನಗ್ತಾರೆ. ಎದುರುಮಾಳಿಗೆ ಶಾಂತವ್ವನದ್ದೂ ಅದೇ ಕಥೆ.” ಡಾಕ್ಟರರ ಮುಖ ಇನ್ನಷ್ಟು ಗಂಭೀರವಾಯಿತು.

ಅದಕ್ಕೆ ಚಿಕಿತ್ಸೆ ಇತ್ತು. ಕೂದಲಿಗಿಂತ ತೆಳುವಾದ ಒಂದು ಎಳೆಯನ್ನು ಮಿದುಳಿನೊಳಗೆ ಇಳಿಸಿ, ತುಂಡಾದ ದಾರಿಗಳನ್ನು ಹೊಲಿಯುವುದು. ಒಮ್ಮೆ ಇಳಿಸಿದರೆ ತೆಗೆಯುವ ಹಾಗಿಲ್ಲ. ದಾರಿ ನಿಜವಾಗಿ ತುಂಡಾಗಿದ್ದರೆ ಎಳೆ ಸೇತುವೆಯಾಗುತ್ತದೆ. ದಾರಿ ಸರಿಯಿದ್ದರೆ? “ಇದ್ದ ದಾರಿನೂ ಕೆಡತಾವ” ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. “ಆದ್ರ ಇವರದು ಸರಿಯಿಲ್ಲಲ್ಲ.” ನಾನು ಒಪ್ಪಿದೆ. ಸಂಗಮೇಶನೂ ಮುಖ ಬಾಡಿಸಿಕೊಂಡು ಒಪ್ಪಿದ.

ಮನೆಯಲ್ಲಿ ಅವನು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎಲ್ಲವನ್ನೂ ಹೇಳಿದ. ಅತ್ತೆ ಅಳಲಿಲ್ಲ. ಅಂದಿನಿಂದ ನನಗೆ ರೊಟ್ಟಿ, ಚಪಾತಿ ಮಾಡುವುದನ್ನು ಕಲಿಸತೊಡಗಿದರು. “ನಾ ಮರತರೂ ನಿನ್ನ ಕೈ ಮರೀಬಾರದು” ಎಂದು ನನ್ನ ಕೈ ಮೇಲೆ ಕೈಯಿಟ್ಟು ರೊಟ್ಟಿ ತಟ್ಟಿಸಿದರು. ನಾನು ಸುಟ್ಟ ಚಪಾತಿಗಳು ಮಾತ್ರ ಡಬ್ಬಿಯಿಂದ ಮಾಯವಾಗುತ್ತಿದ್ದವು. ಕೇಳಿದರೆ, “ನಾಯಿಗೆ ಹಾಕ್ದೆ” ಎನ್ನುತ್ತಿದ್ದರು. ಒಂದು ದಿನ ಹಿತ್ತಲಲ್ಲಿ ಅವರೇ ಆ ಕಪ್ಪು ಚಪಾತಿಯನ್ನು ಶೇಂಗಾಚಟ್ನಿ ಹಚ್ಚಿಕೊಂಡು ತಿನ್ನುವುದನ್ನು ಕಿಟಕಿಯಿಂದ ನೋಡಿದೆ. ನೋಡಿದ್ದನ್ನು ಹೇಳಲಿಲ್ಲ. ಹೇಳಿದ್ದರೆ ಅತ್ತುಬಿಡುತ್ತಿದ್ದೆ, ಮತ್ತು ನಾನು ಅಳುವ ಪೈಕಿ ಅಲ್ಲ.

ಎಳೆ ಇಳಿಸುವ ದಿನ ಬಂತು. ಮಧ್ಯಾಹ್ನ ಶಸ್ತ್ರಚಿಕಿತ್ಸೆ, ಅದಕ್ಕೆ ಮೊದಲು ಕೊನೆಯದೊಂದು ಚಿತ್ರ. ಅತ್ತೆ ಗಾಜಿನಾಚೆ ತಲೆಗೆ ಬಳೆ ತೊಟ್ಟು, ಒಳ್ಳೆ ಮದುವಣಗಿತ್ತಿಯ ಹಾಗೆ ಕುಳಿತಿದ್ದರು. ಈಚೆ ನಾನು ಮತ್ತು ಡಾಕ್ಟರು. ಸಂಗಮೇಶ ಹೊರಗೆ ಔಷಧದ ಸರದಿಯಲ್ಲಿ ನಿಂತಿದ್ದ. ಡಾಕ್ಟರು ನಮ್ಮ ಕಡೆಯ ಮೈಕನ್ನು ಬಂದ್ ಮಾಡಿ, ಎಳೆ ಎಲ್ಲಿಂದ ಇಳಿಯುತ್ತದೆ ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಹಣೆಯ ಮೇಲ್ಗಡೆ, ಅತ್ತೆ ಕುಂಕುಮ ಇಡುವ ಜಾಗದಿಂದ ಸ್ವಲ್ಪವೇ ಆಚೆ.

ನನಗೆ ತಲೆ ಕೆಟ್ಟಿತು. ಗಾಜಿಗೆ ಎರಡೂ ಕೈ ಊರಿ, ಅತ್ತೆಯ ಕಡೆಗೇ ಮುಖ ಮಾಡಿಕೊಂಡು ಕೂಗಾಡಿದೆ. “ಬೇಡ ಡಾಕ್ಟ್ರೇ! ನಿಮಗೆ ಅವರು ಒಂದು ಚಿತ್ರ. ನನಗಲ್ಲ. ಬಾಯಿ ಜೋರು, ಹೌದು. ನಂಗೆ ಉಪ್ಪಿಟ್ಟು ಮಾಡಕ್ಕೂ ಬರಲ್ಲ ಅಂತ ಬೀದಿಗೆಲ್ಲ ಹೇಳ್ತಾರೆ, ಹೌದು. ನಾನು ಸೀಯಿಸಿದ ಚಪಾತೀನ ನಾಯಿಗೆ ಹಾಕ್ದೆ ಅಂತ ಸುಳ್ಳು ಹೇಳಿ ತಾವೇ ತಿಂತಾರೆ. ನಂಗೆ ಅಮ್ಮ ಇಲ್ಲ. ಅವರು ನಂಗೆ ಅತ್ತೆ ಅಲ್ಲ, ಅವ್ವ. ನನ್ನ ಹೆಸರು ಮರೆತ್ರೆ ಮರೀಲಿ, ದಿನಾ ಬೆಳಿಗ್ಗೆ ನಾನೇ ಹೇಳ್ಕೊಡ್ತೀನಿ. ತಲೆಗೆ ಮಾತ್ರ ಕೈ ಹಾಕ್ಬೇಡಿ!”

ಡಾಕ್ಟರು ಏನೋ ಸಮಾಧಾನ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನ ಮೈಕಿನಿಂದ ಅತ್ತೆಯ ದನಿ ನಮ್ಮ ಕೊಠಡಿಯ ತುಂಬ ಮೊಳಗಿತು.

“ಮನ್ಯಾಗ ಅತ್ತಿ, ದವಾಖಾನ್ಯಾಗ ಅವ್ವ ಏನ? ಭಾಳ ಶಾಣ್ಯಾ ಅದೀ ಬಿಡು! ಮತ್ತ ಚಪಾತಿ ನಾ ತಿಂದದ್ದು ಹೆಂಗ ಗೊತ್ತಾತು ನಿನಗ? ಕದ್ದು ನೋಡ್ತೀ ಏನ?”

ನಾನು ನಾಚಿಕೆಯಿಂದ ಸಾಯುತ್ತಾ, “ಅಲ್ಲ ಅತ್ತೆ, ಅದು…” ಎಂದು ತೊದಲಿದೆ. ಡಾಕ್ಟರು ನನ್ನ ತೋಳು ಹಿಡಿದರು. ಅವರ ಕಣ್ಣು ಮೈಕಿನ ಗುಂಡಿಯ ಮೇಲಿತ್ತು. ಅದು ಬಂದ್ ಇತ್ತು.

“ಈ ಗಾಜಿನಾಗ ಪಟಾಕಿ ಸದ್ದೂ ದಾಟೂದಿಲ್ಲ” ಎಂದು ಪಿಸುಗುಟ್ಟಿದರು.

ನನಗೆ ಹೊಳೆಯಲು ಕ್ಷಣ ಸಾಕಾಯಿತು. ಮೈಕ್ ಬಂದ್ ಇದ್ದ ಹಾಗೆಯೇ ಗಾಜಿಗೆ ಮುಖ ಕೊಟ್ಟು, ದನಿಯನ್ನೇ ತೆಗೆಯದೆ, ಬಾಯಿ ಅಗಲಿಸಿ ಕೇಳಿದೆ, “ನಾಳೆ ಏನು ಅಡುಗೆ?”

“ಮಾಡಾಕಿ ನಾನು, ಕೇಳಾಕಿ ನೀನು” ಎಂದರು ಅತ್ತೆ. “ಹೆಸರುಕಾಳ ಪಲ್ಯ.”

ಪರದೆಯಲ್ಲಿ ಮೊದಲು ನೋಟದ ಜಾಗ, ತಲೆಯ ಹಿಂಭಾಗ, ಝಗ್ ಎಂದಿತು. ಅದರ ಬೆನ್ನಿಗೇ ಮಾತಿನ ಜಾಗವೆಲ್ಲ ಹಸಿರೋ ಹಸಿರು. ಮುಂಗಾರು ಕಂಡ ಜೋಳದ ಹೊಲ! ಹಣೆಯಲ್ಲಿ ಕೆಂಪಿನ ಸುಳಿವೂ ಇರಲಿಲ್ಲ. ಆಮೇಲೆ ಮೈಕ್ ಹಾಕಿ, ಗಾಜಿಗೆ ಬೆನ್ನು ತಿರುಗಿಸಿ, ಅದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದೆ. ಹಣೆ ಕೆಂಡವಾಯಿತು, ಹಸಿರು ಆರಿತು. “ಹೂಂ” ಎಂದಿತು ಒಳಗಿನ ದನಿ, ಹಿತವಾಗಿ.

ಡಾಕ್ಟರು ಕುರ್ಚಿಯಲ್ಲಿ ಕುಸಿದು ಕುಳಿತರು. “ಒಳಗಿನ ಮನಿ ತುಂಬ ದೀಪ ಹಚ್ಚಿಟ್ಕೊಂಡು ಕೂತಾರಲ್ರೀ ಇವರು! ಮುಚ್ಚಿದ್ದು ಬಾಗಿಲಽ.”

ಔಷಧದ ಚೀಲ ಹಿಡಿದು ಬಂದ ಸಂಗಮೇಶನಿಗೆ ನಾವು ಯಾಕೆ ಹಾಗೆ ನಿಂತಿದ್ದೇವೆ ಎಂದೇ ಅರ್ಥವಾಗಲಿಲ್ಲ. “ಅದು ಶೆಡ್ಡಿನ ಮಾತಲ್ಲೇನು? ಖಟಪಟದಾಗ ಒದರಿದ್ರ ಯಾರಿಗೆ ಕೇಳಬೇಕು? ಎದುರಿಗೆ ನಿಂತು ಬರೇ ಬಾಯಾಡಸ್ತೀವಿ. ಎಲ್ಲಾರಿಗೂ ಗೊತ್ತೈತಿ.”

“ನಂಗೆ ಯಾಕೆ ಹೇಳಲಿಲ್ಲ?”

“ನಿನಗ ಗೊತ್ತಿಲ್ಲ ಅಂತ ನನಗೇನು ಗೊತ್ತು?”

ಅವನನ್ನು ಬೈಯುವ ಹಾಗಿರಲಿಲ್ಲ. ಹಳೆಯ ಮಗ್ಗಗಳು ನಡೆಯುತ್ತಿದ್ದಾಗ ನಾನು ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡೇ ಶೆಡ್ಡಿಗೆ ಹೋಗುತ್ತಿದ್ದೆ. ಇವರೆಲ್ಲ ಕೂಗುತ್ತಿದ್ದಾರೆ, ನನಗೆ ಕೇಳಿಸುತ್ತಿಲ್ಲ ಎಂದುಕೊಂಡಿದ್ದೆ. ಯಾರೂ ಕೂಗುತ್ತಿರಲೇ ಇಲ್ಲ. ಮನೆಗೂ ಶೆಡ್ಡಿಗೂ ಒಂದೇ ಗೋಡೆಯಾದ್ದರಿಂದ ಅಡುಗೆಮನೆಯಲ್ಲೂ ಜಗಲಿಯಲ್ಲೂ ಊರೆಲ್ಲ ಮುಖಕ್ಕೆ ಮುಖ ಕೊಟ್ಟೇ ಮಾತಾಡುತ್ತಿತ್ತು. ಮಗ್ಗ ಮೌನವಾದ ಮೇಲೆ ಎದುರಿಗೆ ಬರುವ ಕಷ್ಟ ಯಾರಿಗೆ ಬೇಕು? ಜನ ಬೆನ್ನು ಹಾಕಿ ಮಾತಾಡಿದರು, ಪಕ್ಕದ ಕೋಣೆಯಿಂದ ಕೂಗಿದರು, ಕತ್ತಲಲ್ಲಿ ಹರಟಿದರು. ಸಂಗಮೇಶ ಮಾತ್ರ ಚಿಕ್ಕಂದಿನ ರೂಢಿಯಂತೆ ತಾಯಿಯ ಭುಜ ಮುಟ್ಟಿ, ಮುಖದ ಮುಂದೆ ಬಂದು ಮಾತಾಡುತ್ತಲೇ ಇದ್ದ.

ಕಿವಿಯ ಪರೀಕ್ಷೆಯಲ್ಲಿ ಹೇಗೆ ಗೆದ್ದಿರಿ ಎಂದು ಡಾಕ್ಟರು ಎದುರಿಗೆ ಕುಳಿತು ಕೇಳಿದರು. ಅತ್ತೆಗೆ ಆ ಪ್ರಶ್ನೆಯೇ ವಿಚಿತ್ರವೆನ್ನಿಸಿತು. “ಗಾಜಿನಾಚಿ ಹುಡುಗಿ ಬಟನ್ ಒತ್ತಿದಾಗೊಮ್ಮೆ ಕೈ ಎತ್ತಿದೆ. ನೀವು ಅದನ್ನಽ ಮಾಡಂದ್ರಲ್ಲ?” ಎಂದರು. ನೇಕಾರರ ಕಣ್ಣು! ಎಳೆ ತುಂಡಾಗುವ ಮೊದಲೇ ಕಾಣುವ ಕಣ್ಣಿಗೆ ಒಂದು ಬೆರಳು ಕಾಣುವುದಿಲ್ಲವೇ? ಈ ಸಲ ಆ ಹುಡುಗಿಯನ್ನು ಪರದೆಯ ಹಿಂದೆ ಕೂರಿಸಿ ಸದ್ದು ಬಿಟ್ಟರು. ಅತ್ತೆ ಸುಮ್ಮನೆ ಕುಳಿತೇ ಇದ್ದರು. ಸಣ್ಣ, ಚೂಪು ಸದ್ದು ಒಂದೂ ಅವರನ್ನು ಮುಟ್ಟಲಿಲ್ಲ.

ಡಾಕ್ಟರು ನಮ್ಮಿಬ್ಬರಿಗೂ ಬಿಡಿಸಿ ಹೇಳಿದರು. ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂಥ ಸುರುಳಿ ಇದೆ, ಅದರೊಳಗೆ ಕೂದಲಿನಂಥ ತುದಿಯ ಜೀವಕಣಗಳಿವೆ. ಸದ್ದು ಬಂದಾಗ ಅವು ತೊನೆದು, ನರಕ್ಕೆ ಸುದ್ದಿ ದಾಟಿಸುತ್ತವೆ. ಮಗ್ಗದ ಸದ್ದಿನಲ್ಲಿ ಬದುಕಿದವರಲ್ಲಿ ಅವು ಮೆಲ್ಲಗೆ ಸಾಯುತ್ತವೆ, ಚೂಪು ಸದ್ದಿನವು ಮೊದಲು. ಸತ್ತವು ಮತ್ತೆ ಹುಟ್ಟುವುದಿಲ್ಲ. ಯಾರೋ ಮಾತಾಡುತ್ತಿದ್ದಾರೆ ಎಂಬುದು ತಿಳಿಯುತ್ತದೆ, ಏನೆಂಬುದು ತಿಳಿಯುವುದಿಲ್ಲ. ಕಾಯಿಲೆ ಸುದ್ದಿ ಹೊರಡುವಲ್ಲಿ, ಸುದ್ದಿ ಓದುವಲ್ಲಿ ಅಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ: ಕರೆದರೆ ತಿರುಗುವುದಿಲ್ಲ, ಕೇಳಿದರೆ ಉತ್ತರವಿಲ್ಲ.

“ಮತ್ತೆ ಎಲ್ಲದಕ್ಕೂ ಹೂಂ ಅಂತಿದ್ರಲ್ಲ ಅತ್ತೆ, ಕೇಳಿಸ್ತಿಲ್ಲ ಅಂತ ಹೇಳಬಾರದಿತ್ತಾ?” ಎಂದೆ, ಎದುರಿಗೆ ನಿಂತು.

“ಮಂದಿ ಮಾತಾಡೂವಾಗ ಹೂಂ ಅನ್ನೂದು ಮರ್ಯಾದಿ. ಮತ್ತ ನಿನ್ನ ಬಾಯಿ ನಮ್ಮಂಗ ತೆರಿಯೂದಿಲ್ಲವಾ. ತಿಪಟೂರಿನ ಬಾಯಿ, ಕೊಬ್ಬರಿ ಇಟ್ಕೊಂಡಂಗ ಮಾತಾಡ್ತಿ. ಇವತ್ತು ಸಿಟ್ಟಿನ್ಯಾಗ ದೊಡ್ಡದಾಗಿ ತೆರದಿ ನೋಡು, ಒಂದು ಅಕ್ಷರ ಬಿಡದಂಗ ತಿಳೀತು.”

ಅಂದರೆ ನನ್ನ ಸಿಟ್ಟು ಜೀವನದಲ್ಲಿ ಒಮ್ಮೆಯಾದರೂ ಉಪಯೋಗಕ್ಕೆ ಬಂತು.

ಮರುವಾರವೇ ಡಾಕ್ಟರು ಹಟಗಾರಹಾಳಕ್ಕೆ ಬಂದು ಎಲ್ಲ ಹಿರಿಯರನ್ನೂ ಹೊಸದಾಗಿ ಪರೀಕ್ಷಿಸಿದರು, ಬಟನ್ನಿನ ಬೆರಳನ್ನು ಮರೆಮಾಡಿ. ಹೆಚ್ಚಿನವರದು ಕಿವಿ. ಗುರಪ್ಪ ಕಾಕಾ ಮಾತ್ರ ಬೇರೆ. ಅವರು ಹರೆಯದಲ್ಲೇ ಮಗ್ಗ ಬಿಟ್ಟು ಊರಾಚೆಯ ನೂಲಿಗೆ ಬಣ್ಣ ಹಾಕುವ ಮನೆಗೆ ಸೇರಿದ್ದವರು, ಕಿವಿ ಹುಡುಗರ ಕಿವಿಯಂತಿತ್ತು. ಆಚೆ ಕೋಣೆಯಲ್ಲಿ ಹೆಂಡತಿಯ ಬಳೆ ಸದ್ದಾದರೂ ತಿರುಗುತ್ತಿದ್ದರು. ತಿರುಗಿ, “ಅದೇನು ಸಪ್ಪಳ?” ಎಂದು ಕೇಳುತ್ತಿದ್ದರು. ಅವರಿಗೆ ಎಳೆ ಬೇಕಾಗಿತ್ತು, ಇಳಿಸಿದರು. ಈಗ ಕೆಲವು ದಿನ ಆ ಸದ್ದು ಶಾಂತವ್ವನ ಬಳೆಯದು ಎಂದು ಅವರಿಗೆ ಗೊತ್ತಿರುತ್ತದೆ, ಕೆಲವು ದಿನ ಇರುವುದಿಲ್ಲ. ಗೊತ್ತಿರುವ ದಿನ ಶಾಂತವ್ವ ಮಾಳಿಗೆ ಹತ್ತಿ ನಮ್ಮತ್ತೆಗೆ ಬಾಯಾಡಿಸಿ ಹೇಳುತ್ತಾರೆ, ಇಬ್ಬರೂ ಕಣ್ಣೊರೆಸಿಕೊಳ್ಳುತ್ತಾರೆ. ಅದನ್ನು ನಾನು ಇನ್ನು ಲಕ್ಷಣವೆಂದು ಯಾರಿಗೂ ವರದಿ ಮಾಡುವುದಿಲ್ಲ.

ನನ್ನ ಕೊಠಡಿಯಿಂದ ನಾನು ಮಾಡಿದ್ದು ಸಣ್ಣ ಕೆಲಸ. ಲಾಳಿ ದಂಡೆ ಮುಟ್ಟಿದಾಗೊಮ್ಮೆ ಮಗ್ಗದ ಚೌಕಟ್ಟು ಮೆತ್ತಗೆ ನಡುಗುವಂತೆ ಮಾಡಿದೆ. ಸದ್ದಿಲ್ಲ, ಕೈಗೆ ಮಾತ್ರ ತಿಳಿಯುತ್ತದೆ. ಅತ್ತೆ ಅಂಗೈ ಊರಿ, “ಹಾಂ, ಈಗ ಜೀವ ಬಂತು” ಎಂದರು. ಊರಲ್ಲಿ ಹಳೆಯ ರೂಢಿ ತಿರುಗಿ ಬಂತು. ಮಾತಿಗೆ ಮೊದಲು ಭುಜ ಮುಟ್ಟು, ಮುಖ ಕೊಡು.

ಕಿವಿಯ ಯಂತ್ರ ಬಂದ ದಿನ ಅತ್ತೆ ಅದನ್ನು ತೊಟ್ಟುಕೊಂಡು ಮನೆಯೆಲ್ಲ ಸುತ್ತಿದರು. ಒಗ್ಗರಣೆಗೆ ಬೆಚ್ಚಿದರು, ಗಡಿಯಾರವನ್ನು ಬೈದರು. “ಈ ಸಂಗ್ಯಾ ಉಣ್ಣೂವಾಗ ಇಷ್ಟು ಸಪ್ಪಳ ಮಾಡ್ತಾನ? ಹೆಂಗ ಸಂಸಾರ ಮಾಡ್ತೀಯವಾ ಇವನ ಕೂಡ?” ಎಂದು ನನ್ನನ್ನು ಕನಿಕರಿಸಿದರು. ಹೋದ ಕಣಗಳು ಹೋದವೇ, ಯಂತ್ರ ಎಲ್ಲವನ್ನೂ ತಂದುಕೊಡುವುದಿಲ್ಲ. ಉಳಿದವುಗಳ ಕೈಲಿ ಆದಷ್ಟು ಕೆಲಸ ಮಾಡಿಸುತ್ತದೆ, ಅಷ್ಟೇ.

ಆ ಸಂಜೆ ಶೆಡ್ಡಿನಲ್ಲಿ ಅವರು ಮಗ್ಗದ ಆಚೆ, ನಾನು ಈಚೆ. ಶೆಡ್ಡಿನ ಮಾತು ನನಗೂ ಒಂದಿಷ್ಟು ಬರುತ್ತಿತ್ತು. ಆಸ್ಪತ್ರೆಯಲ್ಲಿ ಅಂದ ಆ ಒಂದು ಶಬ್ದವನ್ನು ಮನೆಯಲ್ಲಿ ಅನ್ನಲು ಇನ್ನೂ ನಾಲಿಗೆ ಎದ್ದಿರಲಿಲ್ಲ. ದನಿಯಿಲ್ಲದೆ ಹೇಳುವುದು ಸುಲಭವೆನ್ನಿಸಿ, ಬಾಯಿ ಅಗಲಿಸಿ ತುಟಿಯಲ್ಲೇ ಅಂದೆ, “ಅವ್ವಾ.”

ಅವರು ಎಳೆ ಬಿಟ್ಟು ತಲೆ ಎತ್ತಿದರು. “ತಿಳೀತು. ಆದ್ರ ಬಾಯಾಗಿನ ಅವ್ವ ನಾ ಭಾಳ ನೋಡೇನಿ. ಸಂಗ್ಯಾ ಹುಟ್ಟಿದಾಗಿಂದ ನೋಡೇನಿ. ದನಿ ತಗದು ಅನ್ನು.”

ಹೇಳಿ, ಯಂತ್ರದ ತಿರುಪನ್ನು ಪೂರ್ತಿ ತಿರುಗಿಸಿದರು. ಆಮೇಲೆ, ದೀಪ ಆರಿದರೆ ಮಾತು ನಿಲ್ಲಿಸುತ್ತಿದ್ದ, ಕಣ್ಣಿನಲ್ಲೇ ಊರ ಮಾತನ್ನೆಲ್ಲ ಕೇಳಿದ್ದ ನನ್ನ ಅತ್ತೆ, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಂತರು.

“ಅವ್ವಾ” ಎಂದೆ.

ಕಣ್ಣು ತೆರೆಯದೆಯೇ ಅವರು, “ಓ” ಎಂದರು.